ಸಂಜೆ ಐದರ ಕೂಲಿಯಾಳುಗಳು



ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನೀವು ಎಷ್ಟೋ ಭಾನುವಾರ ಕೇಳಿದ್ದೀರಿ (ಮತ್ತಾಯ 20: 1-16). ನಸುಕಿನಲ್ಲಿ ತೋಟಕ್ಕೆ ಹೋದವರಿಗೂ ಒಂದು ನಾಣ್ಯ, ಸಂಜೆ ಐದಕ್ಕೆ ಹೋದವರಿಗೂ ಒಂದು ನಾಣ್ಯ. ಪ್ರಬೋಧನೆ ಮಾಡುವ ನಾವು ಗುರುಗಳು ಸಾಮಾನ್ಯವಾಗಿ ಗೊಣಗಿದವರನ್ನೇ ಹಿಡಿದುಕೊಳ್ಳುತ್ತೇವೆ. ದೇವರ ಔದಾರ್ಯವನ್ನು ಕಂಡು ಹೊಟ್ಟೆಕಿಚ್ಚು ಪಡಬೇಡಿ ಎನ್ನುತ್ತೇವೆ. ಅಷ್ಟರಲ್ಲಿ ಕಾಣಿಕೆಯ ಹೊತ್ತಾಗಿರುತ್ತದೆ, ಮುಗಿಸಿಬಿಡುತ್ತೇವೆ. ಸಾಮತಿಯ ನಡುವೆ ಇರುವ ಒಂದು ಪುಟ್ಟ ಮಾತುಕತೆಯ ಹತ್ತಿರ ಯಾರೂ ನಿಲ್ಲುವುದಿಲ್ಲ. ತೋಟದ ಯಜಮಾನ ಇಳಿಹೊತ್ತಿನಲ್ಲಿ ಪೇಟೆಗೆ ಬಂದು, ಇನ್ನೂ ಅಲ್ಲೇ ನಿಂತಿರುವವರನ್ನು ನೋಡಿ, ದಿನವೆಲ್ಲ ಸುಮ್ಮನೆ ಏಕೆ ನಿಂತಿದ್ದೀರಿ ಎಂದು ಕೇಳುತ್ತಾನೆ. ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂದು ಅವರು ಹೇಳುತ್ತಾರೆ.

ಯಾರಿರಬಹುದು ಅವರು? ಶುಭಸಂದೇಶ ಅವರ ವಯಸ್ಸನ್ನು ಹೇಳಿಲ್ಲ. ಆದರೆ ನಮ್ಮ ಊರುಗಳ ಕೂಲಿಕಟ್ಟೆಯನ್ನು ಬಲ್ಲವರಿಗೆ ಊಹೆ ಕಷ್ಟವಲ್ಲ. ಬೆಂಗಳೂರಿನ ಯಾವುದಾದರೂ ಸರ್ಕಲ್ಲಿನಲ್ಲಿ ಬೆಳಿಗ್ಗೆ ಏಳಕ್ಕೆ ನಿಂತು ನೋಡಿ. ಗಾರೆ ಕೆಲಸದವರು, ಬಣ್ಣ ಬಳಿಯುವವರು, ಮಣ್ಣು ಹೊರುವವರು ಗುಂಪಾಗಿ ನಿಂತಿರುತ್ತಾರೆ. ಮೇಸ್ತ್ರಿ ಬರುತ್ತಾನೆ, ಕಣ್ಣಲ್ಲೇ ತೂಕ ಹಾಕುತ್ತಾನೆ, ಗಟ್ಟಿಮುಟ್ಟಾದ ಹುಡುಗರನ್ನು ಟೆಂಪೋ ಹತ್ತಿಸಿಕೊಂಡು ಹೋಗುತ್ತಾನೆ. ಹತ್ತು ಗಂಟೆಗೆ ಮತ್ತೆ ಅದೇ ಜಾಗಕ್ಕೆ ಹೋಗಿ. ಉಳಿದಿರುವವರ ತಲೆಗೂದಲನ್ನು ಒಮ್ಮೆ ನೋಡಿ.

ಈ ಕಟ್ಟೆ ಈಗ ಹವಾನಿಯಂತ್ರಿತ ಕಚೇರಿಗಳೊಳಗೂ ಬಂದಿದೆ ಎಂಬುದೇ ಇಂದು ನಾನು ನಿಮ್ಮೊಂದಿಗೆ ಹಂಚಿಕೊಳ್ಳಬೇಕಾದ ಸಂಕಟ. ಮೊದಲು ಕಾರ್ಖಾನೆಗಳ ಮಾತಾಗಿತ್ತು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ನೆಲದೊಳಗೆ ಬೆವರು ಸುರಿಸಿದ್ದ ಜನ ಮೇಲಕ್ಕೆ ಬಂದು, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸ ಹುಡುಕಲು ಹೊರಟರು. ಹುಡುಗರಿಗೆ ಹೇಗೋ ಸಿಕ್ಕಿತು. ಐವತ್ತರ ಹತ್ತಿರದವರಲ್ಲಿ ಎಷ್ಟೋ ಮಂದಿ ಯಾರದೋ ಮನೆಯ ಗೇಟಿನ ಮುಂದೆ ಕಾವಲು ಕುರ್ಚಿಯಲ್ಲಿ ಕುಳಿತರು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. 1961ರಿಂದ ಕೈಗಡಿಯಾರ ತಯಾರಿಸಿತು. ಅದರ ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೆಗೆದುಕೊಂಡಿತು. (ನಮ್ಮ ತಂದೆಯವರ ಕಾಲದಲ್ಲಿ ನಿವೃತ್ತರಾದವರಿಗೆ ಹಾರ ಹಾಕಿ ಎಚ್.ಎಂ.ಟಿ. ಗಡಿಯಾರವನ್ನೇ ಉಡುಗೊರೆ ಕೊಡುತ್ತಿದ್ದರು. ಅದನ್ನು ಮಾಡಿದವರಿಗೇ ಹಾರದ ಭಾಗ್ಯ ಇರಲಿಲ್ಲ.) ಬಿ.ಎಸ್.ಎನ್.ಎಲ್. 2019ರಲ್ಲಿ ಐವತ್ತು ತುಂಬಿದವರಿಗಾಗಿ ಸ್ವಯಂ ನಿವೃತ್ತಿ ಯೋಜನೆ ತಂದಿತು. 2020ರ ಜನವರಿ 31ರ ಒಂದೇ ದಿನ ದೇಶದಾದ್ಯಂತ ಸುಮಾರು 78,500 ಮಂದಿ, ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ನೌಕರರು, ಮನೆಗೆ ಹೋದರು.

ಈಗ ಕಂಪ್ಯೂಟರಿನವರ ಸರದಿ. 2025ರ ಜುಲೈಯಲ್ಲಿ ದೇಶದ ಅತಿ ದೊಡ್ಡ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಟಿ.ಸಿ.ಎಸ್. ತನ್ನ ನೌಕರರಲ್ಲಿ ಶೇಕಡಾ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಬಿಡುವುದಾಗಿಯೂ, ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರೆಂದೂ ಹೇಳಿತು. ಒಂದು ಕಾಲದಲ್ಲಿ ಮಗನಿಗೆ ಅಂಥ ಕಂಪನಿಯಲ್ಲಿ ಕೆಲಸ ಸಿಕ್ಕರೆ ಪೂಜೆ ಹೇಳಿಸುತ್ತಿದ್ದ ತಾಯಂದಿರು, ಈಗ ನಲವತ್ತೈದರ ಆ ಮಗನಿಗಾಗಿ ಪ್ರಾರ್ಥನೆ ಮಾಡಿ ಫಾದರ್ ಎಂದು ಚೀಟಿ ಕೊಡುತ್ತಿದ್ದಾರೆ. ಚೀಟಿಯಲ್ಲಿ ಕಾರಣ ಬರೆದಿರುವುದಿಲ್ಲ. 'ವಿಶೇಷ ಉದ್ದೇಶಕ್ಕಾಗಿ' ಎಂದಷ್ಟೇ ಇರುತ್ತದೆ.

ಅಂಥ ಒಂದು ಮನೆಯ ಸಂಗತಿಯನ್ನು ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ಅವರಿಗೆ ಐವತ್ತೆರಡು. ಒಂದು ಖಾಸಗಿ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದವರು. ಒಂದು ಮಧ್ಯಾಹ್ನ ಒಳಗೆ ಕರೆದು, ಈ ಹಾಳೆಗೆ ಸಹಿ ಹಾಕಿ ಎಂದರು. ಅದು ರಾಜೀನಾಮೆ ಪತ್ರ. ಮೂರು ತಿಂಗಳ ಸಂಬಳ ಕೈಗೆ ಬಂತು, ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿ ಹೋಯಿತು. ಅವರು ಮನೆಯಲ್ಲಿ ಹೇಳಲಿಲ್ಲ. ಮರುದಿನ ಎಂದಿನಂತೆ ಊಟದ ಡಬ್ಬಿ ಹಿಡಿದು ಹೊರಟರು. ಪಾರ್ಕು, ಗ್ರಂಥಾಲಯ, ಬಸ್‌ಸ್ಟ್ಯಾಂಡ್, ಕೆಲವು ದಿನ ನಮ್ಮ ದೇವಾಲಯದ ಕೊನೆಯ ಬೆಂಚು. ಹೀಗೆ ನಾಲ್ಕು ತಿಂಗಳು. ಹೆಂಡತಿಗೆ ಅನುಮಾನ ಬಂದದ್ದು ಡಬ್ಬಿಯಿಂದ. "ಫಾದರ್, ಇಷ್ಟು ವರ್ಷ ಇವರು ಡಬ್ಬಿ ತೊಳೆದು ತಂದದ್ದೇ ಇಲ್ಲ. ಊಟದ ಬೆಲ್ಲು ಹೊಡೆಯೋದರೊಳಗೆ ಮಿಷನ್ ಹತ್ತಿರ ಓಡಬೇಕಿತ್ತು. ಈಗ ದಿನಾ ಪಳಪಳ ತೊಳೆದು ತರ್ತಾರೆ. ಅಷ್ಟು ಬಿಡುವು ಎಲ್ಲಿಂದ ಬಂತು ಅಂತ ಯೋಚನೆ ಆಯ್ತು" ಎಂದು ಆ ತಾಯಿ ಹೇಳಿದರು.

ಅವರೊಡನೆ ಮಾತನಾಡಿದಾಗ ತಿಳಿದದ್ದು ಇದು: ಸಂಬಳ ಹೋದ ನೋವು ಒಂದು ಪಾಲು, ಕೇಳುವವರಿಗೆ ಏನು ಹೇಳಲಿ ಎಂಬ ನಾಚಿಕೆ ಮೂರು ಪಾಲು. ನಮ್ಮಲ್ಲಿ ಗಂಡಸಿನ ಗುರುತೇ ಅವನ ಕೆಲಸ. 'ಐ.ಟಿ.ಐ. ಜೋಸೆಫಣ್ಣ', 'ಬ್ಯಾಂಕ್ ಅಂತೋಣಿಯವರು' ಎಂದು ಊರೆಲ್ಲ ಕರೆಯುತ್ತದೆ. ಮುಂದಿನ ಪದ ಕಿತ್ತುಹೋದರೆ ಹೆಸರೇ ಕುಂಟುತ್ತದೆ. ಅವರು ಹನ್ನೊಂದು ಕಡೆ ಅರ್ಜಿ ಹಾಕಿದ್ದರು. ಜಾಹೀರಾತುಗಳಲ್ಲಿ 'ಮೂವತ್ತೈದರೊಳಗಿನವರು' ಎಂಬ ಸಾಲು. ಸಾಲು ಇಲ್ಲದ ಕಡೆ ಸಂದರ್ಶನದಲ್ಲಿ ಸವಿಮಾತು: ನಿಮ್ಮ ಅನುಭವಕ್ಕೆ ತಕ್ಕ ಹುದ್ದೆ ನಮ್ಮಲ್ಲಿಲ್ಲ ಸಾರ್. ಇಪ್ಪತ್ತೇಳು ವರ್ಷ ಕೂಡಿಟ್ಟ ಅನುಭವವೇ ಬಾಗಿಲಿಗೆ ಅಡ್ಡ ಬಂದದ್ದು ಅವರಿಗೆ ಅರ್ಥವಾಗಲಿಲ್ಲ. ನನಗೂ ಆಗಿಲ್ಲ.

ಹೆಂಗಸರ ಪಾಡನ್ನೂ ಇಲ್ಲಿ ಸೇರಿಸಬೇಕು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ನಮ್ಮ ಅಕ್ಕತಂಗಿಯರಿಗೆ ಮುದುಕಿ ಎನ್ನಿಸಿಕೊಳ್ಳಲು ಐವತ್ತು ಬೇಕಿಲ್ಲ, ನಲವತ್ತು ಸಾಕು. ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕದಲ್ಲಿ ಬೆನ್ನು, ಕಣ್ಣು ಎರಡೂ ಬೇಗ ಸವೆಯುತ್ತವೆ. ಅವರಿಗೆ ಹಾರವೂ ಇಲ್ಲ, ಪತ್ರವೂ ಇಲ್ಲ. ಸೋಮವಾರದಿಂದ ಬರಬೇಡ ಎಂದರೆ ಮುಗಿಯಿತು.

ಹಾಗಾದರೆ ಪವಿತ್ರ ಬೈಬಲ್ ವಯಸ್ಸನ್ನು ಕುರಿತು ಏನು ಹೇಳುತ್ತದೆ? ನರೆಗೂದಲು ಕಿರೀಟವಿದ್ದಂತೆ ಎಂಬ ಮಾತನ್ನು ತಕ್ಷಣ ನೆನೆಯುತ್ತೀರಿ. ಅದು ನಿಜ. ಆದರೆ ಬೈಬಲ್ ಅಷ್ಟಕ್ಕೇ ನಿಲ್ಲುವುದಿಲ್ಲ. ಯಾಜಕಕಾಂಡದ 27ನೆಯ ಅಧ್ಯಾಯವನ್ನು ತೆರೆಯಿರಿ. ದೇವರಿಗೆ ಹರಕೆಯಾಗಿ ಒಪ್ಪಿಸಿದ ವ್ಯಕ್ತಿಯನ್ನು ಬಿಡಿಸಿಕೊಳ್ಳಲು ಎಷ್ಟು ಬೆಳ್ಳಿ ಕೊಡಬೇಕು ಎಂಬ ಪಟ್ಟಿ ಅಲ್ಲಿದೆ. ಇಪ್ಪತ್ತರಿಂದ ಅರವತ್ತರವರೆಗಿನ ಗಂಡಸಿಗೆ 50 ಶೆಕೆಲ್, ಹೆಂಗಸಿಗೆ 30. ಅರವತ್ತು ದಾಟಿತೋ, ಗಂಡಸಿಗೆ 15, ಹೆಂಗಸಿಗೆ 10. ಒಂದು ಹುಟ್ಟುಹಬ್ಬ ಕಳೆದು ಬೆಳಗಾಗುವುದರೊಳಗೆ 35 ಶೆಕೆಲ್ ಕರಗಿಹೋಯಿತು! ಗುರುಮಠದಲ್ಲಿ ಈ ಭಾಗವನ್ನು ಓದಿದಾಗ ನಮ್ಮಲ್ಲಿ ಕೆಲವರಿಗೆ ನಗು, ಕೆಲವರಿಗೆ ಮುಜುಗರ. ದೇವರ ವಾಕ್ಯದಲ್ಲಿ ಇಂಥ ದರಪಟ್ಟಿ ಏಕೆ?

ಸಮಾಧಾನವಾಗಿ ಓದಿದರೆ ಎರಡು ಸಂಗತಿ ಕಾಣುತ್ತವೆ. ಮನುಷ್ಯನ ದುಡಿಮೆಗೆ ಪೇಟೆ ಕಟ್ಟುವ ಬೆಲೆ ವಯಸ್ಸಿನೊಂದಿಗೆ ಇಳಿಯುತ್ತದೆ ಎಂಬುದು ಮೋಶೆಯ ಕಾಲದಲ್ಲೂ ಗೊತ್ತಿತ್ತು. ಬೈಬಲ್ ಅದನ್ನು ಮುಚ್ಚಿಡಲಿಲ್ಲ. ಆದರೆ ಅದೇ ಪಟ್ಟಿಯ ಕೊನೆಗೆ, 8ನೆಯ ವಚನದಲ್ಲಿ, ಇಷ್ಟು ಕೊಡಲಾರದಷ್ಟು ಬಡವನಾಗಿದ್ದರೆ ಅವನನ್ನು ಯಾಜಕನ ಬಳಿಗೆ ಕರೆತರಬೇಕು, ಯಾಜಕನು ಅವನ ಕೈಲಾದಷ್ಟನ್ನು ಗೊತ್ತುಮಾಡಬೇಕು ಎಂದಿದೆ. ಅಂದರೆ ಪಟ್ಟಿ ಮನುಷ್ಯನಿಗೆ ಬಾಗಬೇಕು, ಮನುಷ್ಯ ಪಟ್ಟಿಗಲ್ಲ. ಯಾರಾದರೊಬ್ಬರು ಅವನ ಮುಖ ನೋಡಿ ಮಾತನಾಡಲೇಬೇಕು. ಇಂದು ಕೆಲಸದಿಂದ ತೆಗೆಯುವ ಪಟ್ಟಿಯನ್ನು ಎಲ್ಲೋ ಕುಳಿತು ಸಿದ್ಧಪಡಿಸುವವರು ಆ ಮುಖವನ್ನು ನೋಡುವುದೇ ಇಲ್ಲ. ಮಿಂಚಂಚೆ ಬರುತ್ತದೆ, ಪಾಸ್‌ವರ್ಡ್ ಸತ್ತಿರುತ್ತದೆ.

ತತ್ವಜ್ಞಾನಿ ಕಾಂಟ್ 1785ರಷ್ಟು ಹಿಂದೆಯೇ ಒಂದು ವ್ಯತ್ಯಾಸವನ್ನು ತೋರಿಸಿದ್ದ. ಬೆಲೆಯುಳ್ಳ ವಸ್ತುವಿನ ಜಾಗದಲ್ಲಿ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬಹುದು; ಮನುಷ್ಯನಿಗಿರುವುದು ಘನತೆ, ಅವನ ಜಾಗದಲ್ಲಿ ಇಡಲು ಇನ್ನೊಂದಿಲ್ಲ ಎಂದು ಅವನ ವಾದ. ತತ್ವಶಾಸ್ತ್ರವನ್ನು ಇಲ್ಲಿಗೆ ಬಿಡುತ್ತೇನೆ, ಹೆದರಬೇಡಿ. ಆದರೆ ಕಚೇರಿಗಳಲ್ಲಿ ಜನರನ್ನು 'ಸಂಪನ್ಮೂಲ' ಎಂದು ಕರೆಯುವ ರೂಢಿಯನ್ನು ಕೇಳಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಸಂಪನ್ಮೂಲವೆಂದರೆ ಮರಳು, ಕಲ್ಲಿದ್ದಲು. ತೀರಿದ ಮೇಲೆ ಗುಂಡಿ ಬಿಟ್ಟು ಹೋಗುತ್ತಾರೆ.

ಸಂಖ್ಯಾಕಾಂಡದ 8ನೆಯ ಅಧ್ಯಾಯ ಇನ್ನೂ ಸೂಕ್ಷ್ಮವಾದದ್ದು. ದೇವದರ್ಶನದ ಗುಡಾರದ ಸೇವೆಗೆ ಲೇವಿಯರು ಇಪ್ಪತ್ತೈದನೆಯ ವಯಸ್ಸಿಗೆ ಸೇರಬೇಕು, ಐವತ್ತಕ್ಕೆ ಆ ದುಡಿಮೆಯಿಂದ ಬಿಡುಗಡೆ ಹೊಂದಬೇಕು ಎಂದು ಅಲ್ಲಿದೆ. ನೋಡಿ, ಐವತ್ತು! ಮರುಭೂಮಿಯಲ್ಲಿ ಗುಡಾರದ ಹಲಗೆ, ಕಂಬ, ಪರದೆಗಳನ್ನು ಬಿಚ್ಚಿ ಸಾಗಿಸುವ ಕೆಲಸ ಲೇವಿಯರದು. ಐವತ್ತು ದಾಟಿದವನ ಹೆಗಲಿಗೆ ಆ ಭಾರ ಬೇಡ ಎಂಬುದು ಕರುಣೆಯ ಮಾತು. ಆದರೆ ಆಜ್ಞೆ ಅಲ್ಲಿಗೆ ಮುಗಿಯುವುದಿಲ್ಲ. ಆ ಹಿರಿಯನು ಗುಡಾರದಲ್ಲೇ ತನ್ನ ಸಹೋದರರ ಜೊತೆಗಿದ್ದು ಕಾವಲಿನಲ್ಲಿ ನೆರವಾಗಬೇಕು. ಹೆಗಲ ಮೇಲಿನ ಹೊರೆ ಇಳಿಯಿತು, ಗುಡಾರದೊಳಗಿನ ಸ್ಥಾನ ಉಳಿಯಿತು. ನಮ್ಮ ಕಾಲ ಇದನ್ನು ತಲೆಕೆಳಗು ಮಾಡಿದೆ. ಕೊನೆಯ ದಿನದವರೆಗೆ ಹೊರೆಯನ್ನು ಹೇರುತ್ತದೆ, ರಾತ್ರಿ ಹನ್ನೊಂದಕ್ಕೂ ಫೋನಿನಲ್ಲಿ ಕೆಲಸ ಹೇಳುತ್ತದೆ. ಆಮೇಲೆ ಒಂದು ದಿನ ಗುಡಾರದಿಂದಲೇ ಹೊರಕ್ಕೆ ಕಳುಹಿಸುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಹಿರಿಯರನ್ನು ಕಳಚಿಕೊಂಡ ಸಂಸ್ಥೆಗೆ ನಷ್ಟವೂ ಇದೆ. ಸೊಲೊಮೋನನ ಮಗ ರೆಹಬ್ಬಾಮನು ತಂದೆಯ ಕಾಲದ ಹಿರಿಯರ ಸಲಹೆಯನ್ನು ತಳ್ಳಿ, ತನ್ನೊಡನೆ ಬೆಳೆದ ತರುಣರ ಮಾತು ಕೇಳಿ ಪ್ರಜೆಗಳ ಮೇಲೆ ಭಾರ ಹೆಚ್ಚಿಸುತ್ತೇನೆಂದ. ಹತ್ತು ಕುಲಗಳು ಅವನನ್ನು ಬಿಟ್ಟುಹೋದವು (1 ಅರಸುಗಳು 12). ಹಾಗೆಂದು ತರುಣರೆಲ್ಲ ಅವಿವೇಕಿಗಳೆಂದು ನಾನು ಹೇಳುವುದಿಲ್ಲ. ದಾನಿಯೇಲನು ಹುಡುಗನಾಗಿದ್ದಾಗ ಸುಸನ್ನಳನ್ನು ಕಾಪಾಡಿದ್ದು ಕೆಟ್ಟ ಹಿರಿಯರಿಂದಲೇ. ಈ ವಿಷಯದಲ್ಲಿ ನಮ್ಮ ಯುವಜನರನ್ನು ಬೈಯುವುದು ಅನ್ಯಾಯ. ಐವತ್ತರವರ ಕುರ್ಚಿಯಲ್ಲಿ ಕುಳಿತ ಇಪ್ಪತ್ತೈದರ ಹುಡುಗನಿಗೆ ಅವರ ಸಂಬಳದ ಮೂರನೆಯ ಒಂದು ಪಾಲೂ ಇರಲಿಕ್ಕಿಲ್ಲ. ಅವನ ಮನೆಯಲ್ಲೂ ಸಾಲದ ಕಂತಿದೆ. ಬೆನ್ ಸಿರಾನು ವೃದ್ಧನನ್ನು ಹೀನಾಯವಾಗಿ ಕಾಣಬೇಡ ಎಂದು ಎಚ್ಚರಿಸುವಾಗ ಕೊಡುವ ಕಾರಣ, ನಮ್ಮಲ್ಲೇ ಕೆಲವರು ಮುದುಕರಾಗುತ್ತಿದ್ದೇವೆ ಎಂಬುದು (ಸಿರಾ 8: 6). ಹುಡುಗರು ಇದನ್ನು ಒಮ್ಮೆ ನೆನೆದರೆ ಸಾಕು.

ಧರ್ಮಸಭೆ ಈ ಸಂಗತಿಯಲ್ಲಿ ಮೌನವಾಗಿಲ್ಲ. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು 'ರೇರುಂ ನೊವಾರುಂ' ಎಂಬ ವಿಶ್ವಪರಿಪತ್ರದ ಮೂಲಕ ಕಾರ್ಮಿಕರ ಪರ ದನಿಯೆತ್ತಿದರು. 1981ರಲ್ಲಿ ಎರಡನೆಯ ಜಾನ್ ಪಾಲರು, ತಾವೇ ಯೌವನದಲ್ಲಿ ಕಲ್ಲಿನ ಗಣಿಯಲ್ಲೂ ರಾಸಾಯನಿಕ ಕಾರ್ಖಾನೆಯಲ್ಲೂ ದುಡಿದಿದ್ದವರು, 'ಲಬೋರೆಂ ಎಕ್ಸೆರ್ಚೆನ್ಸ್' ಬರೆದರು. ಕೆಲಸದ ಬೆಲೆ ತಯಾರಾದ ವಸ್ತುವಿನಿಂದಲ್ಲ, ಮಾಡುವವನು ಮನುಷ್ಯನೆಂಬುದರಿಂದ ಬರುತ್ತದೆ. ದುಡಿಮೆಯ ಸ್ಥಾನ ಬಂಡವಾಳಕ್ಕಿಂತ ಮೇಲು. ಕೆಲಸ ಕಳೆದುಕೊಂಡವರ ಜೀವನಾಧಾರಕ್ಕೆ ನೆರವು ಸಮಾಜದ ಕರ್ತವ್ಯ ಎಂಬುದು ಅದರ ಸಾರ. ಪೋಪ್ ಫ್ರಾನ್ಸಿಸರು 2017ರ ಮೇ ತಿಂಗಳಲ್ಲಿ ಇಟಲಿಯ ಜೆನೊವಾ ನಗರದ ಉಕ್ಕಿನ ಕಾರ್ಖಾನೆಯಲ್ಲಿ ಕಾರ್ಮಿಕರ ನಡುವೆ ನಿಂತು, ಒಳ್ಳೆಯ ಉದ್ಯಮಿಗೂ ಸಟ್ಟಾ ವ್ಯಾಪಾರಿಗೂ ಇರುವ ಅಂತರವನ್ನು ವಿವರಿಸಿದರು. ಜನರನ್ನು ತೆಗೆದುಹಾಕಿಯೇ ಕಂಪನಿಯ ಕಷ್ಟ ಪರಿಹರಿಸುತ್ತೇನೆ ಎನ್ನುವವನನ್ನು ಅವರು ಒಳ್ಳೆಯ ಉದ್ಯಮಿಯೆಂದು ಒಪ್ಪಲಿಲ್ಲ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ನಮ್ಮ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದೇ ಆ ಹಳೆಯ ಲಿಯೋ ಅವರನ್ನು ನೆನೆದು. ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಮಾನವ ಘನತೆ ಮತ್ತು ದುಡಿಮೆಯ ಪ್ರಶ್ನೆ ಮತ್ತೆ ಎದುರಾಗಿದೆ ಎಂದು ಅವರು ಕಾರ್ಡಿನಲರಿಗೆ ಹೇಳಿದರು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲ ಕಡಿತವೂ ಪಾಪವಲ್ಲ. ನೆಲದೊಳಗೆ ಚಿನ್ನದ ಎಳೆ ತೆಳುವಾದರೆ ಗಣಿ ನಷ್ಟಕ್ಕೆ ಬೀಳುತ್ತದೆ. ಕ್ವಾರ್ಟ್ಜ್ ಗಡಿಯಾರ ಬಂದರೆ ಕೀಲಿ ಕೊಡುವ ಗಡಿಯಾರವನ್ನು ಕೊಳ್ಳುವವರು ಕಡಿಮೆಯಾಗುತ್ತಾರೆ. ಮುಳುಗುವ ದೋಣಿಯಲ್ಲಿ ಭಾರ ಇಳಿಸಲೇಬೇಕಾಗಬಹುದು. ಯಾರನ್ನು ಮೊದಲು ನೀರಿಗೆ ತಳ್ಳುತ್ತೀರಿ, ಅವರ ಕೈಗೆ ಏನು ಕೊಡುತ್ತೀರಿ ಎಂಬಲ್ಲಿ ಧರ್ಮ ಅಧರ್ಮದ ಪ್ರಶ್ನೆ ಹುಟ್ಟುತ್ತದೆ. ಲಾಭ ಬರುತ್ತಿರುವಾಗಲೇ, ಇನ್ನಷ್ಟು ಲಾಭಕ್ಕಾಗಿ, ಸಂಬಳ ಹೆಚ್ಚೆಂಬ ಒಂದೇ ಕಾರಣಕ್ಕೆ ನರೆತ ತಲೆಗಳನ್ನು ಎಣಿಸಿ ತೆಗೆಯುವುದು ಬೇರೆಯೇ ಸಂಗತಿ. ಆ ಸಂಬಳ ಅವರು ಕೇಳಿ ಪಡೆದ ಭಿಕ್ಷೆಯೇನೂ ಅಲ್ಲ. ವರ್ಷ ವರ್ಷವೂ ಚೆನ್ನಾಗಿ ದುಡಿದಿರಿ ಎಂದು ಕಂಪನಿಯೇ ಏರಿಸಿದ್ದು.

ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಎಷ್ಟು ರಕ್ಷಣೆಯಿದೆ? ಸ್ವಲ್ಪ ಇದೆ, ಅದನ್ನಾದರೂ ತಿಳಿದಿರಬೇಕು. ಸಂವಿಧಾನದ 15 ಮತ್ತು 16ನೆಯ ವಿಧಿಗಳು ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮುಂತಾದವುಗಳ ಆಧಾರದ ಮೇಲೆ ಭೇದ ಕೂಡದೆನ್ನುತ್ತವೆ. ಆ ಪಟ್ಟಿಯಲ್ಲಿ ವಯಸ್ಸಿಲ್ಲ. ಅಮೆರಿಕದಲ್ಲಿ 1967ರಿಂದಲೇ ನಲವತ್ತು ದಾಟಿದ ನೌಕರರನ್ನು ವಯಸ್ಸಿನ ಕಾರಣಕ್ಕೆ ಕಡೆಗಣಿಸಬಾರದೆಂಬ ಪ್ರತ್ಯೇಕ ಕಾಯಿದೆ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1980ರಲ್ಲಿ ಹಿರಿಯ ಕಾರ್ಮಿಕರ ಕುರಿತೇ ಒಂದು ಶಿಫಾರಸನ್ನು ಹೊರಡಿಸಿತು. ನಮ್ಮಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಒಂದು ಒಳ್ಳೆಯ ನಿಯಮವಿತ್ತು: ಸಾಮಾನ್ಯವಾಗಿ ಕಡೆಗೆ ಬಂದವನೇ ಮೊದಲು ಹೊರಡಬೇಕು, ಹಾಗಲ್ಲದಿದ್ದರೆ ಮಾಲೀಕನು ಕಾರಣವನ್ನು ಬರೆದಿಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಸಿಗಬೇಕು. ಆದರೆ ಇದೆಲ್ಲ ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ. ಮ್ಯಾನೇಜರ್ ಎಂಬ ಬಿರುದು ಕೊಟ್ಟು ಮೇಲೆ ಕೂರಿಸಿದವರಿಗೆ ಆ ಬಿರುದೇ ಮುಳ್ಳಾಗುತ್ತದೆ.

ಆದ್ದರಿಂದ, ನಿಮ್ಮಲ್ಲಿ ಯಾರನ್ನಾದರೂ ಹೀಗೆ ಒಳಗೆ ಕರೆದು ಹಾಳೆ ಮುಂದಿಟ್ಟರೆ, ದಯವಿಟ್ಟು ಅಂದೇ ಸಹಿ ಹಾಕಬೇಡಿ. ಮನೆಗೆ ತನ್ನಿ, ಹೆಂಡತಿಗೋ ಗಂಡನಿಗೋ ತೋರಿಸಿ, ತಿಳಿದವರೊಬ್ಬರಿಗೆ ತೋರಿಸಿ. ನೀವಾಗಿ ರಾಜೀನಾಮೆ ಕೊಟ್ಟಿರೆಂದಾದರೆ ತೆಗೆದುಹಾಕಿದವರಿಗೆ ಸಿಗಬೇಕಾದ ಪರಿಹಾರ ನಿಮ್ಮದಲ್ಲ. ಐದು ವರ್ಷ ಸೇವೆಯಾಗಿದ್ದರೆ ಗ್ರಾಚ್ಯುಟಿ ಹೇಗೂ ನಿಮ್ಮ ಹಕ್ಕು. ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ತುಂಬಿಸಿದವರಿಗೆ 58ಕ್ಕೆ ಪೂರ್ಣ ಪಿಂಚಣಿ. ಐವತ್ತರಿಂದಲೇ ಪಡೆಯಬಹುದು, ಆದರೆ ಮುಂಚಿತವಾದ ಪ್ರತಿ ವರ್ಷಕ್ಕೂ ಶೇಕಡಾ 4ರಂತೆ ಕಡಿಮೆಯಾಗುತ್ತದೆ. ಇನ್ನೊಂದು ಮಾತು, ಗುರುವಾಗಿ ಅಲ್ಲ, ಹಲವು ಮನೆಗಳನ್ನು ನೋಡಿದವನಾಗಿ: ಕೈಗೆ ಬಂದ ಇಡಿಗಂಟನ್ನು ಹೆಚ್ಚು ಬಡ್ಡಿಯ ಆಸೆಗೆ ಒಂದೇ ಕಡೆ ಇಡಬೇಡಿ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಅದರ ಬಾಗಿಲ ಮುಂದೆ ನಿಂತವರಲ್ಲಿ ನಿವೃತ್ತರೇ ಬಹಳ ಮಂದಿ. ಮಗಳ ಮದುವೆಯನ್ನು ಅದ್ದೂರಿಯಾಗಿ ಮಾಡಿ, ನಮ್ಮ ಸ್ಥಿತಿ ಏನೂ ಬದಲಾಗಿಲ್ಲ ಎಂದು ಊರಿಗೆ ತೋರಿಸುವ ಹಟವೂ ಬೇಡ. ಊಟ ಮುಗಿಸಿ ಕೈ ತೊಳೆದ ಊರು ಮರುದಿನ ನಿಮ್ಮ ಸಾಲ ತೀರಿಸಲು ಬರುವುದಿಲ್ಲ.

ನಿಮ್ಮಲ್ಲಿ ಕೆಲವರು ಆ ಪಟ್ಟಿಗಳನ್ನು ತಯಾರಿಸುವ ಕಡೆ ಕೂತವರೂ ಇದ್ದೀರಿ. ಪಾಪನಿವೇದನೆಯ ಹೊರಗೆ, ಕಾಫಿ ಕುಡಿಯುವಾಗ, ರಾತ್ರಿ ನಿದ್ದೆ ಬರುವುದಿಲ್ಲ ಫಾದರ್ ಎಂದು ಹೇಳಿಕೊಂಡವರಿದ್ದಾರೆ. ನಿದ್ದೆ ಬಾರದಿರುವುದು ಒಳ್ಳೆಯ ಲಕ್ಷಣ. ಮೇಲಿನಿಂದ ಆಜ್ಞೆ ಬಂದಿದೆ, ನಾನೇನು ಮಾಡಲಿ ಎನ್ನುತ್ತೀರಿ. ಆಜ್ಞೆಯನ್ನು ತಡೆಯಲು ನಿಮಗೆ ಆಗದಿರಬಹುದು. ಆ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ನಿಜ ಹೇಳುವುದು, ಸಹಿಗೆ ಒಂದು ವಾರ ಬಿಡುವು ಕೊಡಿಸುವುದು, ಸಂಬಳ ಇಳಿಸಿಯಾದರೂ ಉಳಿಯಲು ಒಪ್ಪುತ್ತೀರಾ ಎಂದು ಕೇಳುವುದು, ವೈದ್ಯಕೀಯ ವಿಮೆಯನ್ನು ಇನ್ನೊಂದು ವರ್ಷ ಮುಂದುವರಿಸಲು ಹೋರಾಡುವುದು ನಿಮ್ಮ ಕೈಯಲ್ಲಿರಬಹುದು. ಐವತ್ತೈದರವನ ಮನೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ, ವಯಸ್ಸಾದ ತಾಯಿ ಇಬ್ಬರೂ ಇರುತ್ತಾರೆ ಎಂಬುದನ್ನು ಲೆಕ್ಕಪತ್ರ ನಿಮಗೆ ಹೇಳುವುದಿಲ್ಲ.

ಬೇರೆಯವರಿಗೆ ಬುದ್ಧಿ ಹೇಳುವಾಗ ನಮ್ಮ ಅಂಗಳವನ್ನೂ ನೋಡಬೇಕು. ಧರ್ಮಸಭೆಯ ಶಾಲೆ, ಆಸ್ಪತ್ರೆ, ಕಚೇರಿಗಳು ಎಷ್ಟೋ ಕುಟುಂಬಗಳಿಗೆ ಅನ್ನ ಕೊಡುತ್ತವೆ. ಅಲ್ಲಿನ ನೇಮಕಾತಿ ಜಾಹೀರಾತುಗಳಲ್ಲೂ 'ಮೂವತ್ತೈದರೊಳಗೆ' ಎಂಬ ಸಾಲು ಕಂಡಿದ್ದೇನೆ. ಹದಿನೆಂಟು ವರ್ಷ ಗುತ್ತಿಗೆಯ ಮೇಲೆಯೇ ಪಾಠ ಹೇಳಿದ ಟೀಚರಮ್ಮನನ್ನು, ಬೇಸಿಗೆ ರಜೆ ಮುಗಿದ ಮೇಲೆ ಬರಬೇಡಿ ಎಂದು ಹೇಳಿ ಕಳುಹಿಸುವುದು, ಆಮೇಲೆ ಮೇ 1ರಂದು ಕಾರ್ಮಿಕರಾದ ಸಂತ ಜೋಸೆಫರ ಹಬ್ಬಕ್ಕೆ ಮೆರವಣಿಗೆ ಮಾಡುವುದು ಹೊಂದಿಕೆಯಾಗುವುದಿಲ್ಲ. 1955ರಲ್ಲಿ ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು ಈ ಹಬ್ಬವನ್ನು ಸ್ಥಾಪಿಸಿದ್ದು ಬ್ಯಾಂಡು ಬಾರಿಸಲೆಂದಲ್ಲ.

ಧರ್ಮಕೇಂದ್ರದಲ್ಲಿ ಏನು ಮಾಡಬಹುದು? ದೊಡ್ಡ ಯೋಜನೆ ಬೇಡ. ನಮ್ಮಲ್ಲಿ ಭವಿಷ್ಯನಿಧಿ ಕಚೇರಿಯಿಂದ, ಬ್ಯಾಂಕಿನಿಂದ ನಿವೃತ್ತರಾದ ಇಬ್ಬರು ಭಾನುವಾರ ಎರಡನೆಯ ಪೂಜೆಯ ನಂತರ ಸಭಾಂಗಣದ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತಾರೆ. ಪಿಂಚಣಿಯ ಅರ್ಜಿ, ಸೇವಾ ದಾಖಲೆ ಎಲ್ಲವನ್ನೂ ನೋಡಿಕೊಡುತ್ತಾರೆ. ಮೊದಲ ವಾರ ಯಾರೂ ಬರಲಿಲ್ಲ. ನಾಚಿಕೆ ಕಾರಣವೆಂದು ತಿಳಿದು, ಮೇಜನ್ನು ಬಾಗಿಲ ಹತ್ತಿರದಿಂದ ಹಿಂದಿನ ಕೋಣೆಗೆ ಸಾಗಿಸಿದೆವು. ಬರಲಾರಂಭಿಸಿದರು. ಡಬ್ಬಿ ತೊಳೆದು ತರುತ್ತಿದ್ದ ಆ ಸಹೋದರರು ಈಗ ನಮ್ಮ ಹುಡುಗರು ಕಲಿಯುವ ಐ.ಟಿ.ಐ. ಒಂದರಲ್ಲಿ ವಾರಕ್ಕೆ ಮೂರು ದಿನ ಲೇತ್ ಯಂತ್ರದ ಪಾಠ ಹೇಳುತ್ತಾರೆ. ಸಂಬಳ ಹಿಂದಿನದರ ಕಾಲುಭಾಗ. ಸಾಲದ ಕಂತು ಇನ್ನೂ ಭಾರವಾಗಿಯೇ ಇದೆ. ಎಲ್ಲ ಸರಿಹೋಯಿತು ಎಂದು ನಾನು ನಿಮಗೆ ಸುಳ್ಳು ಹೇಳಲಾರೆ. ಮನೆಯಲ್ಲಿ ಮಾತ್ರ ಮುಚ್ಚುಮರೆ ಹೋಗಿದೆ. ಮಗ ಕಾಲೇಜು ಮುಗಿಸಿ ಸಂಜೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ.

ಮನೆಯವರಿಗೆ ಒಂದೇ ಬಿನ್ನಹ. ಕೆಲಸ ಕಳೆದುಕೊಂಡ ಅಪ್ಪನನ್ನು, ಅಮ್ಮನನ್ನು ಬೆಳಗಿನಿಂದ ಸಂಜೆಯವರೆಗೆ ಬಿಲ್ ಕಟ್ಟುವ, ಹಾಲು ತರುವ ಆಳಾಗಿ ಮಾಡಬೇಡಿ. ಯಾವುದಾದರೂ ತೀರ್ಮಾನಕ್ಕೆ ಅವರನ್ನು ಕೇಳಿ. ಕೆಲಸ ಸಿಕ್ಕಿತಾ ಎಂದು ದಿನವೂ ಕೇಳಬೇಡಿ. ಸಿಕ್ಕರೆ ಅವರೇ ಹೇಳುತ್ತಾರೆ.

ಕೆಲಸವಿಲ್ಲದ ಹಗಲುಗಳಲ್ಲಿ ಪ್ರಾರ್ಥನೆಗೆ ಮಾತು ಬರುವುದಿಲ್ಲ ಎಂದು ಹಲವರು ಹೇಳುತ್ತಾರೆ. ಅವರಿಗೆ ನಾನು 71ನೆಯ ಕೀರ್ತನೆಯನ್ನು ಗುರುತು ಹಾಕಿಕೊಡುತ್ತೇನೆ. ಮುಪ್ಪಿನಲ್ಲಿ ತನ್ನನ್ನು ತಳ್ಳಿಬಿಡಬೇಡ, ಶಕ್ತಿ ಕುಂದಿದಾಗ ಕೈಬಿಡಬೇಡ ಎಂದು ಅಲ್ಲಿ ಒಬ್ಬ ಹಿರಿಯ ದೇವರಿಗೆ ಮೊರೆಯಿಡುತ್ತಾನೆ. ಶತ್ರುಗಳು ತನ್ನ ಬೆನ್ನ ಹಿಂದೆ ಆಡುವ ಮಾತುಗಳನ್ನೂ ಮುಚ್ಚಿಡದೆ ಹೇಳಿಕೊಳ್ಳುತ್ತಾನೆ. ಹದಿನೆಂಟನೆಯ ವಚನದ ಹೊತ್ತಿಗೆ ಅವನ ಕೋರಿಕೆ ಬೇರೆಯಾಗಿದೆ: ಮುಂದಿನ ತಲೆಮಾರಿಗೆ ದೇವರ ಶಕ್ತಿಯನ್ನು ಹೇಳಿಕೊಡುವವರೆಗೆ ತನಗೆ ಆಯಸ್ಸು ಬೇಕು, ಇನ್ನೂ ಕೆಲಸ ಬಾಕಿಯಿದೆ ಎನ್ನುತ್ತಾನೆ. ಗಟ್ಟಿಯಾಗಿ ಓದಿದರೆ ನಾಲ್ಕು ನಿಮಿಷ ಹಿಡಿಯುತ್ತದೆ. ಈ ವಾರ ರಾತ್ರಿಯ ಜಪಸರದ ನಂತರ ಮನೆಯಲ್ಲಿ ಅದನ್ನು ಓದಿ. ಓದುವವರು ಮನೆಯ ಅತಿ ಕಿರಿಯರಾಗಿರಲಿ.